ಹಗ್ಗದ ಆ ತುದಿಯಲ್ಲಿರುವವರಿಗೆ

ಶನಿವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು ರಾಮನಗರ, ಸಾವನದುರ್ಗದ ಬಂಡೆಗಳಿಗೆ, ರಜೆ ಕೂಡಿಬಂದರೆ ಬಾದಾಮಿಗೆ ಹಗ್ಗ ಹೊತ್ತು ಹೊರಡುವ ಗೆಳೆಯ ಗೆಳತಿಯರೇ,

ನಿಮ್ಮಲ್ಲಿ ಹಲವರಿಗೆ ನನ್ನ ಮುಖಕ್ಕಿಂತ ನನ್ನ ಬೋಳು ನೆತ್ತಿಯೇ ಹೆಚ್ಚು ಪರಿಚಯ. ಮೇಲಿನಿಂದ ಬಗ್ಗಿ ನೋಡಿದಾಗ ಕಾಣುವುದು ಅದೇ ತಾನೇ? ನಾನು ಹತ್ತುವುದನ್ನು ಕಡಿಮೆ ಮಾಡಿ ಬಹಳ ಕಾಲವಾಯಿತು. ಈಗ ನನ್ನ ಕೆಲಸ ಬಿಲೇ ಕೊಡುವುದು. ಕೆಳಗೆ ನಿಂತು ಹಗ್ಗ ಬಿಡುವುದು, ಎಳೆದುಕೊಳ್ಳುವುದು, ನೀವು ಜಾರಿದರೆ ಹಿಡಿಯುವುದು. ಈ ಕೆಲಸದಲ್ಲಿ ನೋಡುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಹಾಗೆ ನೋಡಿದ್ದರಲ್ಲಿ ಒಂದು ಸಂಗತಿಯನ್ನು ಎಲ್ಲರ ಮುಂದೆಯೇ ಮಾತಾಡಿಬಿಡೋಣ ಅನ್ನಿಸಿ ಈ ಪತ್ರ.

ಬಂಡೆಯ ಬುಡದಲ್ಲಿ ಈಗೀಗ ಪದೇ ಪದೇ ಕಿವಿಗೆ ಬೀಳುವ ಮಾತು ‘ಫ್ಲೋ’. “ಇವತ್ತು ಫ್ಲೋನೇ ಸಿಗಲಿಲ್ಲ” ಅಂತ ಒಬ್ಬರು ಮುಖ ಸಣ್ಣಗೆ ಮಾಡಿಕೊಂಡು ಶೂ ಬಿಚ್ಚುತ್ತಾರೆ. “ಫ್ಲೋನಲ್ಲಿದ್ದೆ ಸಾರ್, ಹೇಗೆ ಹತ್ತಿದೆ ಅಂತಲೇ ಗೊತ್ತಿಲ್ಲ” ಅಂತ ಇನ್ನೊಬ್ಬರು ಕಣ್ಣರಳಿಸಿ ಹೇಳುತ್ತಾರೆ. ಹೇಗೆ ಹತ್ತಿದೆ ಅಂತ ಗೊತ್ತಿಲ್ಲ ಅನ್ನುವುದನ್ನು ನೀವು ಹೆಮ್ಮೆಯಿಂದ ಹೇಳುವಾಗ ಹಗ್ಗ ಹಿಡಿದವನಿಗೆ ಒಳಗೊಳಗೇ ಕಸಿವಿಸಿ. ಆ ಕಸಿವಿಸಿಯ ಕಾರಣವನ್ನೇ ಬರೆಯಲು ಹೊರಟಿದ್ದೇನೆ. ಬುದ್ಧಿ ಹೇಳುತ್ತಾನೆ ಅಂದುಕೊಂಡು ಪುಟ ಮಗುಚಬೇಡಿ. ಮೊದಲು ಹೊಗಳುತ್ತೇನೆ, ಅದಕ್ಕೆ ಹೊಗಳಿಕೆಯ ಯೋಗ್ಯತೆ ಇದೆ.

ನಿಮ್ಮಲ್ಲೊಬ್ಬಾಕೆ ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದಾರೆ. ಕಾರಿನಿಂದ ಇಳಿದ ಮೇಲೂ ಫೋನಿನಲ್ಲಿ ಯಾರದ್ದೋ ಕಂತಿನ ತಕರಾರು. ಹಾರ್ನೆಸ್ ಬಿಗಿದುಕೊಳ್ಳುವಾಗಲೂ ಹುಬ್ಬು ಗಂಟಿಕ್ಕಿಯೇ ಇರುತ್ತದೆ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಅವರು ರಾಮನಗರದಲ್ಲಿ ಒಂದು ಸ್ಲ್ಯಾಬ್ ಹತ್ತುತ್ತಿದ್ದರು. ಹಿಡಿದುಕೊಳ್ಳಲು ಏನೂ ಇಲ್ಲದ ಇಳಿಜಾರು ಬಂಡೆ. ಗ್ರಾನೈಟಿನ ಒರಟನ್ನೇ ನಂಬಿ ಶೂವಿನ ರಬ್ಬರನ್ನು ಒತ್ತಿ ನಿಲ್ಲಬೇಕು. ಮೂರನೇ ಬೋಲ್ಟ್ ದಾಟಿದ ಮೇಲೆ ಅವರ ಬಲಗಾಲು ಹೊಲಿಗೆ ಮಷಿನ್ನಿನ ಹಾಗೆ ಅದುರತೊಡಗಿತು. ಹಿಮ್ಮಡಿ ಸ್ವಲ್ಪ ತಗ್ಗಿಸಿದರು. ಅದುರುವುದು ನಿಂತಿತು. ಅಲ್ಲಿಂದ ಮುಂದೆ ನಾನು ಕಂಡದ್ದು ಬೇರೆಯೇ ವ್ಯಕ್ತಿಯನ್ನು. ಉಸಿರು ನಿಧಾನವಾಯಿತು. ಬೆರಳುಗಳು ತಡಕಾಡುವುದನ್ನು ಬಿಟ್ಟು ಬಂಡೆಯ ಹರಳಿನ ಮೇಲೆ ನೇರವಾಗಿ ಹೋಗಿ ಕೂರುತ್ತಿದ್ದವು. ಒಂದು ಹೆಜ್ಜೆ ಮುಗಿಯುವಷ್ಟರಲ್ಲಿ ಮುಂದಿನದು ಹುಟ್ಟುತ್ತಿತ್ತು. ನಾನು “ಭೇಷ್” ಅಂತ ಕೂಗಿದ್ದು ಅವರಿಗೆ ಕೇಳಿಸಲೇ ಇಲ್ಲವಂತೆ. ಕೆಳಗಿಳಿದು ಮೊದಲು ಕೇಳಿದ್ದು ಗಂಟೆ ಎಷ್ಟು ಅಂತ. ಐದು ನಿಮಿಷ ಆಗಿರಬೇಕು ಅಂದುಕೊಂಡಿದ್ದರು. ಅರ್ಧ ಗಂಟೆ ಕಳೆದಿತ್ತು. ಆ ದಿನ ಸಂಜೆಯವರೆಗೂ ಹುಬ್ಬಿನ ಗಂಟು ವಾಪಸ್ ಬರಲಿಲ್ಲ.

ಇದಕ್ಕೆ ಹೆಸರಿಟ್ಟು ಅಭ್ಯಾಸ ಮಾಡಿದವರು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. ಹೆಸರು ಉಚ್ಚರಿಸಲು ನಾಲಗೆಗೆ ಕಸರತ್ತು, ಆದರೆ ಮನುಷ್ಯ ನಮ್ಮ ಬಳಗದವರೇ. 1934ರಲ್ಲಿ, ಆಗ ಇಟಲಿಗೆ ಸೇರಿದ್ದ ಫಿಯೂಮೆ ಊರಿನ ಹಂಗೇರಿಯನ್ ಕುಟುಂಬವೊಂದರಲ್ಲಿ ಹುಟ್ಟಿದವರು; ಯುದ್ಧದ ಹಾವಳಿಯ ನಡುವೆ ಬೆಳೆದು, ಅಮೆರಿಕಕ್ಕೆ ಹೋಗಿ, ಷಿಕಾಗೋದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು. ಯೌವನದಲ್ಲಿ ಸ್ವತಃ ಬಂಡೆ ಹತ್ತುತ್ತಿದ್ದರು. 1975ರಲ್ಲಿ ಬಂದ ಅವರ ಪುಸ್ತಕಕ್ಕಾಗಿ ಚೆಸ್ ಆಟಗಾರರು, ನೃತ್ಯಗಾರರು, ಶಸ್ತ್ರವೈದ್ಯರನ್ನೆಲ್ಲ ಮಾತಾಡಿಸಿದರು. ಆ ಸಾಲಿನಲ್ಲಿ ಬಂಡೆ ಹತ್ತುವವರಿಗೂ ಒಂದು ಅಧ್ಯಾಯ ಮೀಸಲು. ಅಂದರೆ ಜಗತ್ತಿನ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲೆಲ್ಲ ಇವತ್ತು ಉದುರುವ ಈ ಪದದ ಬೇರು ಒಂದಷ್ಟು ಮಟ್ಟಿಗೆ ನಮ್ಮ ಬಂಡೆಗಳಲ್ಲೇ ಇದೆ. ಅವರು 2021ರಲ್ಲಿ ತೀರಿಕೊಂಡರು.

ಅವರು ಕಂಡುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಷ್ಟು: ಕೆಲಸದ ಕಷ್ಟವೂ ನಮ್ಮ ಕೈಯ ಕಸುವೂ ಹೆಚ್ಚುಕಡಿಮೆ ಸಮನಾಗಿ, ಎರಡೂ ತಕ್ಕಮಟ್ಟಿಗೆ ಮೇಲಿನ ಹಂತದಲ್ಲಿದ್ದಾಗ ಈ ತನ್ಮಯತೆ ಬರುತ್ತದೆ. ಕಷ್ಟ ಕಡಿಮೆಯಾದರೆ ಆಕಳಿಕೆ, ಜಾಸ್ತಿಯಾದರೆ ಗಾಬರಿ. ಗುರಿ ಸ್ಪಷ್ಟವಾಗಿರಬೇಕು, ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಆ ಕ್ಷಣವೇ ಗೊತ್ತಾಗಬೇಕು. ಬಂಡೆಗಿಂತ ಚೆನ್ನಾಗಿ ಇದನ್ನು ಯಾರು ಒದಗಿಸುತ್ತಾರೆ ಹೇಳಿ? ಗುರಿ ಅಂದರೆ ಮುಂದಿನ ಹಿಡಿತ, ಅಷ್ಟೇ. ಕಾಲು ನಿಂತಿತೋ ಜಾರಿತೋ ಅನ್ನುವ ಉತ್ತರಕ್ಕೆ ಮಾರ್ಚ್ ತಿಂಗಳ ಅಪ್ರೈಸಲ್‌ವರೆಗೆ ಕಾಯಬೇಕಿಲ್ಲ. ನಾನು ಯಾರು, ನೋಡುವವರು ಏನಂದುಕೊಂಡಾರು, ನಾಳೆ ಬಾಸ್‌ಗೆ ಏನು ಹೇಳಲಿ ಅನ್ನುವ ಗೊಣಗಾಟವೆಲ್ಲ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ಹತ್ತುವ ಕಲೆ ಮೈಗೆ ಹತ್ತುವುದೂ ಆಗಲೇ. ಗಾಬರಿಯಲ್ಲಿ ಕಲಿತ ಹೆಜ್ಜೆ ಮರುವಾರಕ್ಕೆ ಮರೆತುಹೋಗಿರುತ್ತದೆ, ತನ್ಮಯತೆಯಲ್ಲಿ ಕಲಿತದ್ದು ನಿಲ್ಲುತ್ತದೆ. ಇದು ನಾನು ಕೆಳಗೆ ನಿಂತು ಕಂಡ ಮಾತು, ಪುಸ್ತಕದ್ದಲ್ಲ.

ನಡುವೆ ಒಂದು ತಮಾಷೆ. ಅದೇ ಚಿಕ್‌ಸೆಂಟ್‌ಮಿಹಾಯ್ ಮತ್ತು ಜುಡಿತ್ ಲೆಫೆವ್ರ್ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲಸಗಾರರಿಗೆ ಪೇಜರ್ ಕೊಟ್ಟು, ದಿನದಲ್ಲಿ ಯಾವಾಗೆಂದರೆ ಆವಾಗ ಅದು ಸದ್ದು ಮಾಡಿದಾಗ, ಈ ಗಳಿಗೆ ಏನು ಮಾಡುತ್ತಿದ್ದೀರಿ, ಹೇಗನ್ನಿಸುತ್ತಿದೆ ಅಂತ ಬರೆಸಿದರು. ಜನಕ್ಕೆ ಬಿಡುವಿನ ಹೊತ್ತಿಗಿಂತ ಕೆಲಸದ ಹೊತ್ತಿನಲ್ಲೇ ಹೆಚ್ಚು ಫ್ಲೋ ಸಿಗುತ್ತಿತ್ತು. ಆದರೂ ಕೆಲಸದಲ್ಲಿದ್ದಾಗ ಅವರು ಬಯಸುತ್ತಿದ್ದದ್ದು ಬೇರೆಲ್ಲಾದರೂ ಇರಬೇಕು ಅಂತ! ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ರಾಮನಗರದ ಬಂಡೆಯನ್ನು ವಾಲ್‌ಪೇಪರ್ ಮಾಡಿಕೊಂಡಿರುವವರು ಇದನ್ನು ಒಮ್ಮೆ ಯೋಚಿಸಬೇಕು.

ಇನ್ನು ಕಸಿವಿಸಿಯ ವಿಷಯ. ಫ್ಲೋ ಬಂದಾಗ ಬಾಯಿ ಮುಚ್ಚಿಕೊಳ್ಳುವುದು ಬರೀ ಗೊಣಗಾಟವಲ್ಲ. “ಹೊತ್ತೆಷ್ಟಾಯಿತು?” “ಮೋಡ ಕಟ್ಟುತ್ತಿದೆಯಲ್ಲ?” “ಆ ಮೂಲೆಯಲ್ಲಿ ಕಪ್ಪಗೆ ಜೋತಾಡುವುದು ಹೆಜ್ಜೇನಾ?” ಅಂತ ಕೇಳುವ ಕಾವಲುಗಾರನೂ ಅದರ ಜೊತೆಗೇ ಸುಮ್ಮನಾಗುತ್ತಾನೆ. ಆರ್ನೆ ಡೀಟ್ರಿಖ್ ಅನ್ನುವ ವಿಜ್ಞಾನಿ ಇಂಥ ಸ್ಥಿತಿಯಲ್ಲಿ ಹಣೆಯ ಹಿಂದಿನ ಮೆದುಳಿನ ಭಾಗ, ಅಂದರೆ ನಮ್ಮನ್ನು ನಾವೇ ವಿಮರ್ಶೆ ಮಾಡಿಕೊಳ್ಳುವ, ಮುಂದಿನದನ್ನು ಲೆಕ್ಕ ಹಾಕುವ ಭಾಗ, ತಾತ್ಕಾಲಿಕವಾಗಿ ತಣ್ಣಗಾಗುತ್ತದೆ ಅನ್ನುವ ವಾದ ಮುಂದಿಟ್ಟಿದ್ದಾರೆ. ಅದು ಇನ್ನೂ ವಾದವೇ, ಇತ್ಯರ್ಥವಾಗಿಲ್ಲ. ಮೆದುಳಿನ ಒಳಗೆ ಏನಾದರೂ ಆಗಲಿ, ಬಂಡೆಯ ಮೇಲೆ ಏನಾಗುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. “ಭೇಷ್” ಅಂದದ್ದು ಕೇಳಿಸದಿದ್ದರೆ ನಷ್ಟವಿಲ್ಲ. “ಕಲ್ಲು ಬೀಳ್ತಿದೆ” ಅಂದದ್ದು ಕೇಳಿಸದಿದ್ದರೆ?

ಇದಕ್ಕಿಂತ ನವಿರಾದ ಇನ್ನೊಂದು ಅಪಾಯವಿದೆ, ನನಗೆ ಹೆಚ್ಚು ಭಯ ಅದರದ್ದೇ. ಯೂಲಿಯಾ ಶ್ಯೂಲರ್ ಮತ್ತು ಜೀನ್ ನಕಮುರಾ 2013ರಲ್ಲಿ ಪ್ರಕಟಿಸಿದ ಸಂಶೋಧನೆ ಬಂಡೆ ಹತ್ತುವವರನ್ನೂ ಒಳಗೊಂಡಿತ್ತು. ನಕಮುರಾ ಅಂದರೆ ಚಿಕ್‌ಸೆಂಟ್‌ಮಿಹಾಯ್ ಅವರ ಜೊತೆಯಲ್ಲೇ ಕೆಲಸ ಮಾಡಿದವರು, ಫ್ಲೋ ವಿರೋಧಿಯಲ್ಲ. ಫ್ಲೋ ಬಂದಾಗ ‘ನನ್ನ ಕೈಲಾಗುತ್ತದೆ’ ಅನ್ನುವ ನಂಬಿಕೆ ಏರುತ್ತದೆ, ಆ ನಂಬಿಕೆ ಏರಿದಂತೆ ಅಪಾಯದ ಅರಿವು ಇಳಿಯುತ್ತದೆ ಅನ್ನುವುದು ಅವರು ಕಂಡದ್ದು. ಪಳಗಿದವರಿಗಿಂತ ಹೊಸಬರಲ್ಲಿ ಹೀಗಾಗುವುದು ಹೆಚ್ಚು. ಬಿಡಿಸಿ ಹೇಳುತ್ತೇನೆ. ಮೂರು ತಿಂಗಳ ಹಿಂದೆ ಜಿಮ್ಮಿನ ಗೋಡೆಯಲ್ಲಿ ಶುರು ಮಾಡಿದ ಹುಡುಗನಿಗೆ ಒಂದು ಬೆಳಗ್ಗೆ ಬಂಡೆಯ ಮೇಲೆ ಎಲ್ಲವೂ ಕೂಡಿಬರುತ್ತದೆ. ಅಂದು ತಂಪು ಗಾಳಿ, ಒಣ ಬಂಡೆ, ಮೇಲಿನಿಂದ ಇಳಿಬಿಟ್ಟ ಹಗ್ಗ, ಕೆಳಗೆ ಅನುಭವಿ ಬಿಲೇಯರ್. ಇಷ್ಟೆಲ್ಲ ಇದ್ದದ್ದಕ್ಕೆ ಅವನಿಗೆ ಫ್ಲೋ ಸಿಕ್ಕಿತು. ಆದರೆ ಕೆಳಗಿಳಿದಾಗ ಅವನ ಲೆಕ್ಕದಲ್ಲಿ ಗಾಳಿಯೂ ಇಲ್ಲ, ಹಗ್ಗವೂ ಇಲ್ಲ, ಅವನೊಬ್ಬನೇ ಇದ್ದಾನೆ. “ಮುಂದಿನದು ಲೀಡ್ ಮಾಡ್ತೀನಿ” ಅನ್ನುತ್ತಾನೆ, ಅಂದರೆ ಮೇಲಿನಿಂದ ಇಳಿಬಿಟ್ಟ ಹಗ್ಗದ ಆಸರೆಯಿಲ್ಲದೆ ಹತ್ತುತ್ತೇನೆ ಅಂತ. ತನ್ಮಯತೆಯ ಸುಖ ನಿಜ. ನಿಮ್ಮ ಸಾಮರ್ಥ್ಯದ ಬಗ್ಗೆ ಅದು ಕೊಡುವ ಸರ್ಟಿಫಿಕೇಟ್ ಮಾತ್ರ ಖೊಟ್ಟಿ. ಈ ಪತ್ರದಲ್ಲಿ ಒಂದೇ ಸಾಲು ಉಳಿಸಿಕೊಳ್ಳುವುದಿದ್ದರೆ ಅದನ್ನು ಉಳಿಸಿಕೊಳ್ಳಿ.

ಪಳಗಿದವರು ನಕ್ಕು ಸುಮ್ಮನಾಗಬೇಡಿ. ನಿಮ್ಮ ಪಾಲಿನದ್ದು ಬೇರೆ ಇದೆ. 1989ರ ಮೇ ತಿಂಗಳಲ್ಲಿ ಫ್ರಾನ್ಸಿನ ಬುವೂಕ್ಸ್‌ನಲ್ಲಿ ಲಿನ್ ಹಿಲ್ ಮೈ ಬಿಸಿ ಮಾಡಿಕೊಳ್ಳಲೆಂದು ಒಂದು ಸುಲಭದ ದಾರಿ ಹತ್ತಿದರು. ಆಗಲೇ ಅವರು ಜಗತ್ತಿನ ಅತ್ಯುತ್ತಮರ ಸಾಲಿನವರು. ಹಾರ್ನೆಸ್ಸಿಗೆ ಹಗ್ಗ ಪೋಣಿಸಿ ಗಂಟು ಹಾಕುವ ಮಧ್ಯೆ ಮಾತಿಗೆ ನಿಂತರು, ಶೂ ಕಟ್ಟಿಕೊಂಡರು, ಗಂಟು ಅರ್ಧಕ್ಕೇ ನಿಂತಿತು. ಒಳ್ಳೆಯ ಹತ್ತುಗಾರರು ಹಗ್ಗದ ಮೇಲೆ ಭಾರ ಹಾಕುವುದಿಲ್ಲವಲ್ಲ, ಹಾಗಾಗಿ ತುದಿ ಮುಟ್ಟುವವರೆಗೂ ಅದು ಗೊತ್ತಾಗಲಿಲ್ಲ. ಇಳಿಯಲೆಂದು ಹಿಂದಕ್ಕೆ ವಾಲಿದಾಗ ಹಗ್ಗ ಜಾರಿ ಹೊರಬಂತು. 70 ಅಡಿಗೂ ಮೇಲಿನಿಂದ ಬಿದ್ದರು. ಮರದ ಕೊಂಬೆಗಳು ತಡೆದು ಬದುಕಿದರು, ಮುಂದೆ 1993ರಲ್ಲಿ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ದಾರಿಯನ್ನು ಮೊದಲ ಬಾರಿಗೆ ಫ್ರೀ ಕ್ಲೈಂಬ್ ಮಾಡಿದವರೂ, ಅಂದರೆ ಹಗ್ಗವನ್ನು ಬಿದ್ದರೆ ಹಿಡಿಯಲಷ್ಟೇ ಇಟ್ಟುಕೊಂಡು ಕೈಕಾಲ ಬಲದಲ್ಲೇ ಹತ್ತಿದವರೂ ಅವರೇ. ಅಲ್ಲಿ ಆದದ್ದು ಫ್ಲೋ ಅಲ್ಲ, ಬರೀ ಮರೆವು ಅನ್ನುತ್ತೀರೇನೋ. ಒಪ್ಪುತ್ತೇನೆ. ಆದರೆ ಎರಡೂ ಒಂದು ಕಡೆ ಸೇರುತ್ತವೆ: ಯೋಚಿಸದೆ ಮಾಡುವಷ್ಟು ಕೈ ಪಳಗಿದ ಮೇಲೆ, ಮಾಡಿದೆನೋ ಇಲ್ಲವೋ ಅನ್ನುವುದೂ ಯೋಚನೆಯಿಂದ ಆಚೆ ಹೋಗಿರುತ್ತದೆ.

ನನ್ನ ಕಣ್ಣು ಹೆಚ್ಚು ಚುರುಕಾಗುವುದು ನೀವು ತುದಿ ಮುಟ್ಟಿ “ಯೆಸ್!” ಅಂತ ಕೂಗಿದ ಮೇಲೆ. ಕಷ್ಟದ್ದೆಲ್ಲ ಮುಗಿಯಿತು ಅಂತ ನಿಮಗನ್ನಿಸುವ ಹೊತ್ತದು. ಆದರೆ ತುದಿಯಲ್ಲಿ ಹಗ್ಗ ಸಿಕ್ಕಿಸುವ ಆ್ಯಂಕರ್‌ನಿಂದ ನಿಮ್ಮ ಸಾಮಾನು ಬಿಚ್ಚುವ ಕೆಲಸ ಬಾಕಿಯಿದೆ. ಸ್ಲಿಂಗ್‌ನಿಂದ ನಿಮ್ಮನ್ನು ಆ್ಯಂಕರ್‌ಗೆ ಸಿಕ್ಕಿಸಿಕೊಳ್ಳಬೇಕು. ಹಗ್ಗವನ್ನು ಒಂದಿಷ್ಟು ಮೇಲೆಳೆದು, ಕೈಜಾರಿ ಕೆಳಗೆ ಹೋಗದ ಹಾಗೆ ಹಾರ್ನೆಸ್ಸಿಗೆ ಕಟ್ಟಿಕೊಳ್ಳಬೇಕು. ಆಮೇಲೆ ಎಂಟರ ಗಂಟನ್ನು ಬಿಚ್ಚಿ, ತುದಿಯನ್ನು ಆ್ಯಂಕರ್‌ನ ರಿಂಗಿನೊಳಗೆ ತೂರಿಸಿ, ಮತ್ತೆ ಗಂಟು ಹಾಕಬೇಕು. ನಾನು ಹಗ್ಗ ಬಿಗಿ ಹಿಡಿದ ಮೇಲೆ ಅದರ ಮೇಲೆ ಮೈಭಾರ ಬಿಟ್ಟು ನೋಡಿ, ಸರಿ ಇದೆ ಅಂತಾದರೆ ಮಾತ್ರ ಸ್ಲಿಂಗ್ ಬಿಚ್ಚಬೇಕು. ಇದರಲ್ಲಿ ರೋಮಾಂಚನ ಅನ್ನುವುದು ಎಳ್ಳಷ್ಟೂ ಇಲ್ಲ. ಗುಮಾಸ್ತಿಕೆಯ ಕೆಲಸ. ಈ ಗುಮಾಸ್ತಿಕೆಯನ್ನು ನೀವು ಮಾಡಬೇಕಾಗಿ ಬರುವುದು ಮಾತ್ರ ಮೈಯೆಲ್ಲ ಹೂವಾಗಿರುವ ಗಳಿಗೆಯಲ್ಲಿ. ಅದಕ್ಕೇ ನಾನು ಕೆಳಗಿನಿಂದ ಒಂದೊಂದನ್ನೂ ಕೂಗಿ ಕೇಳುವುದು. “ಅಂಕಲ್ ಪರೀಕ್ಷೆ ತಗೊಳ್ತಾರೆ” ಅಂತ ನೀವು ನಗುವುದು ಕೇಳಿಸುತ್ತದೆ. ನಗಿ, ಆದರೆ ಉತ್ತರ ಕೊಡಿ. ನಾನು ಇಳಿಸುವುದಾ, ನೀವೇ ಹಗ್ಗದ ಮೇಲೆ ಇಳಿದು ರ‍್ಯಾಪಲ್ ಮಾಡುತ್ತೀರಾ ಅನ್ನುವುದನ್ನು ಮಾತ್ರ ನೆಲ ಬಿಡುವ ಮುನ್ನವೇ ನನಗೆ ಹೇಳಿರಿ. ಮೇಲೆ ಹೋದ ಮೇಲೆ ಗಾಳಿಯಲ್ಲಿ ಕೂಗಾಡಿ ತೀರ್ಮಾನ ಮಾಡುವ ವಿಷಯವಲ್ಲ ಅದು.

ತನ್ಮಯತೆ ಮುರಿದ ಗಳಿಗೆಯೂ ಅಷ್ಟೇ ಅಪಾಯದ್ದು. ಬಂಡೆ ಬಿಟ್ಟು ಒಂದು ಗಳಿಗೆ ರೇಸಿನ ಕಡೆ ಬನ್ನಿ. 1988ರ ಮೊನಾಕೊ ಗ್ರ್ಯಾನ್ ಪ್ರೀಯ ಅರ್ಹತಾ ಸುತ್ತಿನಲ್ಲಿ ಅಯರ್ಟನ್ ಸೆನ್ನಾ ತನ್ನ ವೇಗವನ್ನು ತಾನೇ ಮತ್ತೆ ಮತ್ತೆ ಮೀರಿಸುತ್ತಾ ಹೋದ. ಅದೇ ತಂಡದ, ಅದೇ ಬಗೆಯ ಕಾರು ಓಡಿಸುತ್ತಿದ್ದ ಅಲೈನ್ ಪ್ರಾಸ್ಟ್‌ಗಿಂತ 1.4 ಸೆಕೆಂಡು ಮುಂದೆ. ಫಾರ್ಮುಲಾ ಒನ್‌ನಲ್ಲಿ ಅದು ಬಲು ದೊಡ್ಡ ಅಂತರ. ತಾನು ಕಾರು ಓಡಿಸುತ್ತಿಲ್ಲ, ಎಚ್ಚರದಾಚೆ ಎಲ್ಲೋ ಇದ್ದೇನೆ ಅನ್ನಿಸಿ ಹೆದರಿಕೆಯಾಯಿತು, ನಿಧಾನಕ್ಕೆ ಪಿಟ್‌ಗೆ ಮರಳಿದೆ ಎಂದು ಆಮೇಲೆ ಹೇಳಿಕೊಂಡ. ಮರುದಿನದ ರೇಸಿನಲ್ಲಿ ಸುಮಾರು 50 ಸೆಕೆಂಡು ಮುಂದಿದ್ದಾಗ ತಂಡದಿಂದ ನಿಧಾನಿಸು ಅನ್ನುವ ಸೂಚನೆ ಬಂತು. ನಿಧಾನಿಸಿದ. 67ನೇ ಸುತ್ತಿನಲ್ಲಿ, ಹಿಂದೆ ಮುಂದೆ ಯಾರೂ ಒತ್ತಾಯ ಮಾಡದಿದ್ದಾಗ, ತಡೆಗೋಡೆಗೆ ಗುದ್ದಿದ. ನನ್ನ ಮೆಚ್ಚುಗೆ ಆ ವೇಗಕ್ಕಿಂತ ಪಿಟ್‌ಗೆ ವಾಪಸ್ ಬಂದ ನಿರ್ಧಾರಕ್ಕೆ. ಅಷ್ಟು ಸುಖದ ಒಳಗಿದ್ದೂ ಹೆದರುವ ಶಕ್ತಿ ಉಳಿಸಿಕೊಂಡಿದ್ದನಲ್ಲ! ನಮ್ಮಲ್ಲೂ ಕಷ್ಟದ ಹೆಜ್ಜೆ ದಾಟಿದ ಮೇಲಿನ ಸುಲಭದ ಜಾಗದಲ್ಲಿ ಬಿದ್ದವರನ್ನು ನಾನು ಸಾಕಷ್ಟು ಹಿಡಿದಿದ್ದೇನೆ.

ಹಗ್ಗವಿಲ್ಲದೆ ಹತ್ತುವ ಆಸೆಯ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಿಮ್ಮಲ್ಲಿ ಕೆಲವರು ಅಲೆಕ್ಸ್ ಹೊನಾಲ್ಡ್‌ನ ಸಿನಿಮಾ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತೀರಿ. 2017ರ ಜೂನ್ 3ರಂದು ಆತ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ನನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಹತ್ತಿದ್ದು ನಿಜ. ಅದಕ್ಕೆ ಮುಂಚೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಗ್ಗ ಕಟ್ಟಿಕೊಂಡು ಅದೇ ಹೆಜ್ಜೆಗಳನ್ನು ಕಂಠಪಾಠ ಮಾಡಿದ್ದ, ಒಮ್ಮೆ ಹೊರಟು, ಇವತ್ತು ಸರಿಯಿಲ್ಲ ಅನ್ನಿಸಿ ಅರ್ಧದಲ್ಲೇ ಬಿಟ್ಟು ಬಂದಿದ್ದ. ಚಿತ್ರದುರ್ಗದ ಕೋಟೆಯಲ್ಲಿ ಜ್ಯೋತಿರಾಜ್ ಬರಿಗೈಯಲ್ಲಿ ಗೋಡೆ ಏರುವ ವಿಡಿಯೊ ಕೂಡ ನಿಮ್ಮ ಫೋನುಗಳಲ್ಲಿ ಓಡಾಡುತ್ತದೆ. ಅದೇ ಗೋಡೆಯನ್ನು ಎಷ್ಟೋ ವರ್ಷ ಹತ್ತಿ ಇಳಿದ ಮೈ ಅದು. ವಿಡಿಯೊದಲ್ಲಿ ಕಾಣುವುದು ಅದರ ಕೊನೆಯ ಒಂದು ನಿಮಿಷ ಮಾತ್ರ. ಇನ್ನು ಹತ್ತುವಾಗ ತಲೆಯ ಮೇಲೆ ಗೋಪ್ರೋ ಕಟ್ಟಿಕೊಳ್ಳುವವರಿಗೆ ಏನು ಹೇಳಲಿ? ನೋಡುವವರನ್ನು ಮರೆಯುವುದೇ ಫ್ಲೋ ಅಂತಾದರೆ, ನೋಡುವವರನ್ನು ನೆತ್ತಿಯ ಮೇಲೇ ಕೂರಿಸಿಕೊಂಡು ಅದನ್ನು ಹುಡುಕಲು ಹೊರಟಿದ್ದೀರಿ.

ಮತ್ತೊಂದು ಮುಜುಗರದ ವಿಷಯ: ಚಟ. 2009ರಲ್ಲಿ ದೈತ್ಯ ಅಲೆಗಳ ಮೇಲೆ ಸರ್ಫಿಂಗ್ ಮಾಡುವವರ ಬಗ್ಗೆ ಒಂದು ಅಧ್ಯಯನ ಬಂತು, ಅದರ ಹೆಸರಲ್ಲೇ ‘ಫ್ಲೋನ ಕತ್ತಲ ಮುಖ’ ಅಂತಿದೆ. ಅಲೆ ಸಿಗದ ದಿನ ಚಡಪಡಿಕೆ, ನೋವಿದ್ದರೂ ನೀರಿಗಿಳಿಯುವ ಹಟ, ಹೆಂಡತಿ ಮಕ್ಕಳಿಗಿಂತ ಅಲೆಯೇ ಮೇಲು ಅನ್ನುವ ಸ್ಥಿತಿ, ಎಲ್ಲವೂ ಅಲ್ಲಿದ್ದವು. ಚಿಕ್‌ಸೆಂಟ್‌ಮಿಹಾಯ್ ಕೂಡ ಇದನ್ನು ಬಚ್ಚಿಟ್ಟವರಲ್ಲ. ಫ್ಲೋ ಕೊಡುವ ಯಾವ ಕೆಲಸವೂ ಮನುಷ್ಯನನ್ನು ಸೆರೆ ಹಿಡಿಯಬಹುದು ಎಂದು ಬರೆದವರು ಅವರೇ. ಬೆರಳಿನ ಸ್ನಾಯುರಜ್ಜು ಹಿಡಿದಿಡುವ ಪಟ್ಟಿ (ಪುಲ್ಲಿ) ಹರಿದು ಬ್ಯಾಂಡೇಜ್ ಸುತ್ತಿಕೊಂಡು ಬಂದವರನ್ನು, ಮಗುವಿಗೆ ಜ್ವರ ಅಂತ ಮನೆಯಿಂದ ಮೂರು ಮಿಸ್ಡ್ ಕಾಲ್ ಇದ್ದರೂ “ಇನ್ನೊಂದೇ ಟ್ರೈ” ಅನ್ನುವವರನ್ನು ನೋಡಿದಾಗ ನನಗೆ ಆ ಸರ್ಫರ್‌ಗಳು ನೆನಪಾಗುತ್ತಾರೆ. ಬಾದಾಮಿಯಲ್ಲಿ ಈ ಚಟದ ಬೆಲೆಯನ್ನು ಬಂಡೆಯೂ ತೆರಬೇಕಾಗುತ್ತದೆ. ಮಳೆ ನೆನೆದ ಮರಳುಗಲ್ಲು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ, ಹಿಡಿತ ಮುರಿದು ಕೈಗೆ ಬರುತ್ತದೆ. ನೂರಾರು ಕಿಲೋಮೀಟರ್ ಬಂದಿದ್ದೇವೆ, ಹತ್ತದೆ ಹೋಗುವುದು ಹೇಗೆ ಅನ್ನುವ ಚಡಪಡಿಕೆಗೆ ಮುರಿದ ಹಿಡಿತ ಮತ್ತೆ ಬೆಳೆಯುವುದಿಲ್ಲ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತು, ಗುಹಾಲಯ ನೋಡಿಕೊಂಡು, ರೊಟ್ಟಿ ಎಣ್ಣೆಗಾಯಿ ಉಂಡು ಬಂದರೆ ಮರ್ಯಾದೆ ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ತನ್ಮಯತೆಯ ಒಳಗಿರುವವರು ತಾವೇ ಎಚ್ಚರವಾಗಿರಬೇಕು ಅನ್ನುವುದು ಆಗದ ಮಾತು. ಎಚ್ಚರವಾಗಿದ್ದರೆ ಅದು ತನ್ಮಯತೆ ಹೇಗಾದೀತು? ಎಚ್ಚರವನ್ನು ಬೇರೆ ಕಡೆ ಇಡಬೇಕು. ಒಂದಿಷ್ಟನ್ನು ನೆಲದ ಮೇಲೆ, ಹೊರಡುವ ಮುಂಚೆ: ಎಷ್ಟು ಗಂಟೆಗೆ ಇಳಿಯುವುದು, ಮೋಡ ಕಂಡರೆ ಯಾರ ಮಾತು ಅಂತಿಮ, ಇವತ್ತು ಯಾರು ಏನನ್ನು ಹತ್ತುವುದಿಲ್ಲ. ಇನ್ನೊಂದಿಷ್ಟನ್ನು ಹಗ್ಗದ ಈ ತುದಿಯಲ್ಲಿ ನಿಂತವರ ಹತ್ತಿರ. ನೀವು ನೆಲ ಬಿಡುವ ಮುನ್ನ ನಾನು ನಿಮ್ಮ ಗಂಟು ಮುಟ್ಟಿ ನೋಡುತ್ತೇನೆ, ನೀವು ನನ್ನ ಬಿಲೇ ಸಾಧನ ಮುಟ್ಟಿ ನೋಡಿ. ಇಪ್ಪತ್ತು ವರ್ಷದ ಪರಿಚಯವಿದ್ದರೂ ಸರಿ. ಹಗ್ಗದ ಕೆಳತುದಿಗೆ ಒಂದು ಗಂಟು ಯಾವತ್ತೂ ಇರಲಿ. ಬಿಲೇ ಕೊಡುವವರಿಗೆ ಫ್ಲೋ ಬರಬಾರದು, ಬಂದರೆ ನಾನು ಆ ಕೆಲಸಕ್ಕೆ ಲಾಯಕ್ಕಿಲ್ಲ. ಕತ್ತು ನೋಯುತ್ತದೆ, ಸೊಳ್ಳೆ ಕಚ್ಚುತ್ತದೆ, ಬೇಸರವೂ ಆಗುತ್ತದೆ. ಅಷ್ಟು ಬೇಸರ ಇಲ್ಲಿ ಇದ್ದರೇ ಅಲ್ಲಿ ನೀವು ನಿಶ್ಚಿಂತೆಯಿಂದ ಮೈಮರೆಯಬಹುದು. ಸರದಿಯ ಮೇಲೆ ಹೊಸಬರೂ ಇದನ್ನು ಮಾಡಬೇಕು ಅನ್ನುವುದು ನನ್ನ ಹಟ. ಬರೀ ಹತ್ತುವುದನ್ನೇ ಕಲಿತು ಹಗ್ಗ ಹಿಡಿಯುವುದನ್ನು ಕೈಬಿಟ್ಟವರ ಜೊತೆ ನಾನು ಬರುವುದಿಲ್ಲ.

ಕೊನೆಯದಾಗಿ ದಾರಿಯ ವಿಷಯ. ಬಂಡೆ ಇಳಿದ ಮೇಲೂ ಆ ‘ನನ್ನ ಕೈಲಾಗುತ್ತದೆ’ ಅನ್ನುವುದು ಮೈಯಲ್ಲಿ ಇನ್ನಷ್ಟು ಹೊತ್ತು ಇರುತ್ತದೆ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲವಲ್ಲ, ಸರ್ವೀಸ್ ರಸ್ತೆಯಲ್ಲೇ ನಿಮ್ಮ ಸವಾರಿ. ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್, ಅಡ್ಡ ಬರುವ ಎಮ್ಮೆ, ಇವಕ್ಕೆ ನಿಮ್ಮ ಫ್ಲೋ ಗೊತ್ತಿಲ್ಲ. ಹಾಗಾಗಿ ಬಿಡದಿಯಲ್ಲಿ ಎಲ್ಲರೂ ಗಾಡಿ ನಿಲ್ಲಿಸೋಣ. ಕೈಯ ಚಾಕ್ ತೊಳೆದು, ತಟ್ಟೆ ಇಡ್ಲಿ ತಿಂದು, ಅರ್ಧ ಗಂಟೆ ಕೂರೋಣ. ಎಷ್ಟು ಚೆನ್ನಾಗಿ ಹತ್ತಿದೆ ಅನ್ನುವ ವರದಿ ಬೇಡ, ಅದನ್ನು ನಾನು ಕೆಳಗಿನಿಂದ ನೋಡಿರುತ್ತೇನೆ. ಅಂದು ಸ್ವಲ್ಪದರಲ್ಲಿ ತಪ್ಪಿದ್ದು ಏನು ಅನ್ನುವುದನ್ನು ಒಬ್ಬೊಬ್ಬರಾಗಿ ಹೇಳಬೇಕು. ಹೇಳಿದವರ ಇಡ್ಲಿ, ಕಾಫಿಯ ಬಿಲ್ ನನ್ನದು. “ನಂದೇನೂ ಇಲ್ಲ ಸಾರ್, ಎಲ್ಲ ಸೂಪರ್” ಅನ್ನುವವರು ತಮ್ಮದನ್ನು ತಾವೇ ಕೊಡತಕ್ಕದ್ದು.

ಇತಿ,
ಕೆಳಗೆ ಹಗ್ಗ ಹಿಡಿದು ನಿಂತವನು